ಗೆರೆ ಬಲ್ಲವನು, ನೆಲವಿಲ್ಲದವನು: ಮೀಸಲು ಕ್ಷೇತ್ರಗಳ ಗಡಿಯ ಚರಿತ್ರೆ

1

ಹಳೇ ಮೈಸೂರು ಸೀಮೆಯಲ್ಲಿ ಎರಡು ಊರುಗಳ ನಡುವೆ ಎಲ್ಲೆಯ ತಕರಾರು ಬಂದರೆ ಕೊನೆಯ ಮಾತು ಗೌಡನದೂ ಅಲ್ಲ, ಶಾನುಭೋಗನದೂ ಅಲ್ಲ. ಅದು ಹೊಲಗೇರಿಯ ಕುಳವಾಡಿಯ ಮಾತು. ಊರ ಮಣ್ಣನ್ನು ಉಂಡೆ ಮಾಡಿ ತಲೆಯ ಮೇಲೆ ಇಟ್ಟುಕೊಂಡು ಅವನು ನಡೆಯುತ್ತಾ ಹೋಗಬೇಕು. ಅವನು ನಡೆದ ದಾರಿಯೇ ಎಲ್ಲೆ. ಹೆಜ್ಜೆ ತಪ್ಪಿದರೆ ಉಂಡೆ ಒಡೆದುಹೋಗುತ್ತದೆ, ಅವನಿಗೆ ಕೇಡು ತಪ್ಪಿದ್ದಲ್ಲ ಅಂತ ಊರು ನಂಬಿತ್ತು. 19ನೇ ಶತಮಾನದಲ್ಲಿ ಜೆ.ಎಸ್.ಎಫ್. ಮೆಕೆಂಜಿ ಬರೆದಿಟ್ಟ ಈ ಸಂಗತಿಯನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಬಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಮತ್ತೆ ಹೇಳಿದ್ದಾನೆ.

ಇಂಥ ವಿವರ ಸಿಕ್ಕಿದ ಕೂಡಲೇ ನಮ್ಮ ವಿದ್ವಾಂಸರಲ್ಲಿ ಕೆಲವರು ಹಿಗ್ಗುತ್ತಾರೆ. ನೋಡಿ, ಹೊಲೆಯನ ಮಾತಿಗೆ ಊರಲ್ಲಿ ಎಷ್ಟು ಬೆಲೆಯಿತ್ತು ಅನ್ನುತ್ತಾರೆ. ಬೆಲೆ ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಎಲ್ಲೆಯ ಅರಿವು ಅವನದಾಗಿತ್ತು, ಎಲ್ಲೆಯ ಒಳಗಿನ ನೆಲ ಬೇರೆಯವರದಾಗಿತ್ತು. ತಪ್ಪಿದರೆ ಕೇಡು ಅವನಿಗೆ, ಸರಿಯಾದರೆ ಲಾಭ ಭೂಮಿ ಇದ್ದವನಿಗೆ. ಈ ಏರ್ಪಾಟನ್ನು ಗೌರವ ಅಂತ ಕರೆಯುವುದಕ್ಕೆ ಮೊದಲು ಸ್ವಲ್ಪ ಯೋಚನೆ ಮಾಡಬೇಕು.

ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಚುನಾವಣಾ ಕ್ಷೇತ್ರಗಳ ಗಡಿಯ ವಿಷಯ ಯಾಕೆ ಅಂತ ಓದುಗರು ಕೇಳಬಹುದು. ವಿಮರ್ಶೆಯಲ್ಲಿ ನಾವು ಇಷ್ಟು ವರ್ಷ ಕೇಳಿಕೊಂಡು ಬಂದ ಪ್ರಶ್ನೆ ಒಂದೇ: ಯಾರು ಯಾರ ಪರವಾಗಿ ಮಾತಾಡುತ್ತಾರೆ, ಆ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು? ಕಾದಂಬರಿಯಲ್ಲಿ ಬರುವ ಚೋಮನಿಗೆ ಈ ಪ್ರಶ್ನೆ ಹಾಕಿದ್ದೇವೆ. ವಿಧಾನಸಭೆಯಲ್ಲಿ ಕೂತ ಮೀಸಲು ಕ್ಷೇತ್ರದ ಶಾಸಕನಿಗೆ ಈ ಪ್ರಶ್ನೆ ಹಾಕಿದಾಗ ಮಾತ್ರ ಅವನ ವೈಯಕ್ತಿಕ ಪುಕ್ಕಲುತನವನ್ನೋ ಸ್ವಾರ್ಥವನ್ನೋ ಬೈದು ಸುಮ್ಮನಾಗುತ್ತೇವೆ. ಅವನನ್ನು ಹಾಗೆ ಮಾಡಿದ ಗೆರೆಯನ್ನು ಓದುವುದಿಲ್ಲ. ಗಡಿಯ ಆದೇಶವೂ ಒಂದು ಪಠ್ಯವೇ. ಅದನ್ನು ಬರೆದವರಿದ್ದಾರೆ, ಅದರಲ್ಲಿ ಬಿಟ್ಟುಹೋದವರಿದ್ದಾರೆ. ಈ ಲೇಖನದಲ್ಲಿ ಆ ಪಠ್ಯದ ಚರಿತ್ರೆಯನ್ನು ಒಂದಿಷ್ಟು ಬಿಡಿಸಿ ನೋಡುವ ಪ್ರಯತ್ನ ಮಾಡಿದ್ದೇನೆ.

2

1919ರ ಜನವರಿಯಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಅಂಬೇಡ್ಕರ್ ಹೇಳಿಕೆ ಕೊಟ್ಟರು. ಆಗ ಅವರಿಗೆ 27 ವರ್ಷ. ಮತದಾನದ ಹಕ್ಕು ಯಾರಿಗೆ, ಕ್ಷೇತ್ರಗಳು ಹೇಗಿರಬೇಕು ಅಂತ ವಿಚಾರಿಸಲು ಬಂದ ಸಮಿತಿ ಅದು. ಅಲ್ಲಿ ಅವರು ಎತ್ತಿದ ಪ್ರಶ್ನೆ ಇವತ್ತಿಗೂ ಹಳತಾಗಿಲ್ಲ. ನೆಲದ ಮೇಲೆ ಗೆರೆ ಎಳೆದು ಇದೊಂದು ಕ್ಷೇತ್ರ ಅಂದಾಕ್ಷಣ ಆ ಗೆರೆಯ ಒಳಗಿನ ಜನ ಒಂದಾಗಿಬಿಡುತ್ತಾರೆಯೇ? ಜಾತಿಜಾತಿಗಳು ತಂತಮ್ಮ ಬಾಗಿಲು ಹಾಕಿಕೊಂಡು ಬದುಕುವ ಸಮಾಜದಲ್ಲಿ ಬರೀ ಭೂಪ್ರದೇಶದ ಕ್ಷೇತ್ರ ದೊಡ್ಡ ಗುಂಪಿನವನನ್ನೇ ಆರಿಸಿ ಕಳಿಸುತ್ತದೆ. ನಮ್ಮ ಅಭಿಪ್ರಾಯವನ್ನು ಇನ್ಯಾರೋ ಸಭೆಗೆ ಒಯ್ದು ಹೇಳಿದರೆ ಸಾಲದು, ನಮ್ಮ ಮನುಷ್ಯರೇ ಅಲ್ಲಿ ಇರಬೇಕು ಎಂಬುದು ಅವರ ವಾದದ ತಿರುಳು.

ಆಮೇಲೆ ನಡೆದದ್ದು ನಮಗೆಲ್ಲ ಗೊತ್ತಿರೋ ಕತೆ ಅಂದುಕೊಂಡಿದ್ದೇವೆ. 1932ರ ಆಗಸ್ಟ್ 16ರಂದು ಕೋಮುವಾರು ತೀರ್ಪು ಬಂತು. ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದ ಆಯಿತು. ಈ ಕತೆಯನ್ನು ನಾವು ಯಾವಾಗಲೂ ಇಬ್ಬರು ದೊಡ್ಡವರ ನಡುವಿನ ನಾಟಕ ಅಂತ ಓದುತ್ತೇವೆ. ಗಡಿಯ ಪ್ರಶ್ನೆಯಾಗಿ ಓದಿದರೆ ಬೇರೆ ಸಂಗತಿಗಳು ಕಾಣುತ್ತವೆ. ಕೋಮುವಾರು ತೀರ್ಪು ದಲಿತರಿಗೆ ಪ್ರಾಂತಗಳ ಶಾಸನಸಭೆಗಳಲ್ಲಿ 71 ಸ್ಥಾನಗಳನ್ನು ಕೊಟ್ಟಿತ್ತು. ಅವರ ಸಂಖ್ಯೆ ಹೆಚ್ಚಿರುವ ಕಡೆಗಳನ್ನು ಆರಿಸಿ ವಿಶೇಷ ಕ್ಷೇತ್ರಗಳನ್ನು ಮಾಡಬೇಕು, ಅಲ್ಲಿ ದಲಿತರು ಮಾತ್ರ ಮತ ಹಾಕಬೇಕು, ಅದೇ ಮತದಾರರು ಸಾಮಾನ್ಯ ಕ್ಷೇತ್ರದಲ್ಲೂ ಇನ್ನೊಂದು ಮತ ಹಾಕಬಹುದು ಎಂಬುದು ಅದರ ಏರ್ಪಾಟು. ಮದ್ರಾಸನ್ನು ಬಿಟ್ಟರೆ ಆ ಕ್ಷೇತ್ರಗಳು ಇಡೀ ಪ್ರಾಂತವನ್ನು ಆವರಿಸುವಂತಿರಲಿಲ್ಲ. ಅಂದರೆ ಅವುಗಳ ಆಚೆ ಇದ್ದ ದಲಿತರಿಗೆ ಆ ಎರಡನೇ ಮತ ಇಲ್ಲ.

ಪೂನಾ ಒಪ್ಪಂದ 71ನ್ನು 148 ಮಾಡಿತು. ಕನ್ನಡ ನಾಡು ಹಂಚಿಹೋಗಿದ್ದ ಪ್ರಾಂತಗಳಲ್ಲಿ ಮದ್ರಾಸಿಗೆ 30, ಸಿಂಧ್ ಸೇರಿದ ಮುಂಬೈಗೆ 15. ಸ್ಥಾನಗಳು ಎರಡರಷ್ಟಾದವು, ಆದರೆ ಕೊನೆಯ ಆಯ್ಕೆ ಎಲ್ಲರ ಮತಕ್ಕೆ ಹೋಯಿತು. ದಲಿತ ಮತದಾರರಿಗೆ ಉಳಿದದ್ದು ಪ್ರಾಥಮಿಕ ಚುನಾವಣೆಯಲ್ಲಿ ನಾಲ್ವರನ್ನು ಆರಿಸುವ ಹಕ್ಕು. ಆ ನಾಲ್ವರಲ್ಲಿ ಯಾರು ಗೆಲ್ಲಬೇಕು ಅಂತ ಊರು ತೀರ್ಮಾನ ಮಾಡುತ್ತದೆ. ಸ್ವಾತಂತ್ರ್ಯ ಬಂದು ಸಂವಿಧಾನ ಜಾರಿಯಾದಾಗ ಆ ಪ್ರಾಥಮಿಕ ಚುನಾವಣೆಯೂ ಹೋಯಿತು. ಸ್ಥಾನ ಕೇರಿಗೆ, ಮತ ಊರಿಗೆ ಎಂಬ ಹಂಚಿಕೆ ಹೀಗೆ ಗಟ್ಟಿಯಾಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಅಂಬೇಡ್ಕರ್ ಪ್ರತ್ಯೇಕ ಮತಕ್ಷೇತ್ರವನ್ನು ಮಂತ್ರದಂತೆ ಹಿಡಿದು ಕೂತವರಲ್ಲ. 1928ರಲ್ಲಿ ಸೈಮನ್ ಆಯೋಗದ ಮುಂದೆ ಅವರ ನಿಲುವು ಏನಿತ್ತೆಂದರೆ, ವಯಸ್ಕರಿಗೆಲ್ಲ ಮತ ಕೊಡುವುದಾದರೆ ಮೀಸಲು ಸ್ಥಾನಗಳಿರುವ ಜಂಟಿ ಕ್ಷೇತ್ರ ಸಾಕು, ಕೊಡದಿದ್ದರೆ ಪ್ರತ್ಯೇಕ ಕ್ಷೇತ್ರ ಬೇಕು. ಅವರು ಒಂದು ವಿಧಾನಕ್ಕೆ ಕಟ್ಟುಬಿದ್ದಿರಲಿಲ್ಲ, ಒಂದು ಮಾನದಂಡಕ್ಕೆ ಕಟ್ಟುಬಿದ್ದಿದ್ದರು. ಆ ಮಾನದಂಡ ಇಷ್ಟೇ: ಈ ಏರ್ಪಾಟಿನಲ್ಲಿ ದಲಿತನ ಮತಕ್ಕೆ ಯಾರನ್ನಾದರೂ ಗೆಲ್ಲಿಸುವ ಬಲ ಇದೆಯೋ ಇಲ್ಲವೋ? ಮುಂದಿನ ಎಲ್ಲ ಗಡಿಗಳನ್ನೂ ಇದೇ ಅಳತೆಗೋಲಿನಿಂದ ಅಳೆಯಬಹುದು.

3

1952ರ ಮೊದಲ ಮಹಾಚುನಾವಣೆಯಲ್ಲಿ ಮೀಸಲು ಕ್ಷೇತ್ರಗಳ ಆಕೃತಿ ಈಗಿನಂತಿರಲಿಲ್ಲ. ಲೋಕಸಭೆಯ 489 ಸ್ಥಾನಗಳಿಗೆ 401 ಕ್ಷೇತ್ರಗಳು. ಅವುಗಳಲ್ಲಿ 86 ದ್ವಿಸದಸ್ಯ ಕ್ಷೇತ್ರಗಳು, ಒಂದು ತ್ರಿಸದಸ್ಯ ಕ್ಷೇತ್ರ. ಒಂದೇ ದೊಡ್ಡ ಕ್ಷೇತ್ರದಿಂದ ಇಬ್ಬರು ಆರಿಸಿ ಬರುತ್ತಾರೆ, ಅವರಲ್ಲಿ ಒಬ್ಬರು ಪರಿಶಿಷ್ಟರೇ ಆಗಿರಬೇಕು. ಮತದಾರನಿಗೆ ಎರಡು ಮತ, ಆದರೆ ಎರಡನ್ನೂ ಒಬ್ಬನಿಗೇ ಹಾಕುವ ಹಾಗಿಲ್ಲ. ಈ ಕೊನೆಯ ಷರತ್ತನ್ನು ಗಮನಿಸಿ. ದಲಿತ ಮತದಾರ ತನ್ನ ಎರಡೂ ಮತಗಳನ್ನು ತಾನು ನಂಬಿದವನಿಗೆ ಕೊಡುವಂತಿಲ್ಲ. ಸವರ್ಣ ಮತದಾರರ ಎರಡನೇ ಮತ ಮಾತ್ರ ಮೀಸಲು ಸ್ಥಾನಕ್ಕೆ ನಿಂತವರಲ್ಲಿ ತಮಗೆ ಬೇಕಾದವನ ಪಾಲಿಗೆ ಬೀಳುತ್ತದೆ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಅಂಬೇಡ್ಕರರೇ ಮುಂಬೈ ಉತ್ತರದ ಇಂಥ ದ್ವಿಸದಸ್ಯ ಕ್ಷೇತ್ರದಲ್ಲಿ ಸೋತರು. 1954ರಲ್ಲಿ ಭಂಡಾರಾದ ಉಪಚುನಾವಣೆಯಲ್ಲೂ ಸೋತರು.

ಸೋಲನ್ನು ಅವರು ಸುಮ್ಮನೆ ನುಂಗಿಕೊಳ್ಳಲಿಲ್ಲ, ಅದರಿಂದ ಒಂದು ವಿಚಾರ ಕಟ್ಟಿದರು. 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಭಾಷಾ ರಾಜ್ಯಗಳು ಬಂದರೆ ಒಂದೊಂದು ರಾಜ್ಯದಲ್ಲೂ ಒಂದೆರಡು ದೊಡ್ಡ ಜಾತಿಗಳ ಯಜಮಾನಿಕೆ ಬರುತ್ತದೆ ಅಂತ ಎಚ್ಚರಿಸಿ, ಅದಕ್ಕೆ ತಡೆಯಾಗಿ ಇಬ್ಬರು ಮೂವರು ಸದಸ್ಯರಿರುವ ಕ್ಷೇತ್ರಗಳನ್ನು ಮಾಡಿ, ಮತದಾರನಿಗೆ ತನ್ನ ಎಲ್ಲ ಮತಗಳನ್ನೂ ಒಬ್ಬನಿಗೇ ರಾಶಿ ಹಾಕುವ ಹಕ್ಕು ಕೊಡಿ ಅಂತ ಕೇಳಿದರು. ಇದರ ಲೆಕ್ಕ ಸರಳ. ಮೂವರನ್ನು ಆರಿಸುವ ಕ್ಷೇತ್ರದಲ್ಲಿ ಮತದಾರರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚಿರುವ ಗುಂಪು ತನ್ನ ಮತಗಳನ್ನೆಲ್ಲ ಒಬ್ಬನಿಗೆ ಹಾಕಿದರೆ ಉಳಿದವರು ಏನೇ ಮಾಡಿದರೂ ಅವನನ್ನು ಸೋಲಿಸಲಾಗದು. ಅದೇ ವರ್ಷ ಪರಿಶಿಷ್ಟ ಜಾತಿ ಒಕ್ಕೂಟ, ಶಾಸನಸಭೆಗಳಲ್ಲಿನ ಮೀಸಲು ಸ್ಥಾನಗಳೇ ಬೇಡ ಅಂತ ನಿರ್ಣಯ ಮಾಡಿತು. ಇದನ್ನು ಈಗ ಮೀಸಲಾತಿ ವಿರೋಧಿಗಳು ತಮ್ಮ ಅನುಕೂಲಕ್ಕೆ ಎತ್ತಿ ಆಡುತ್ತಾರೆ. ಆದರೆ ಅದೇ ವರ್ಷದ ಆ ಪುಸ್ತಕದ ಜೊತೆಗಿಟ್ಟು ಓದಿದರೆ ನಮಗೆ ಸಿಗುವ ಅರ್ಥ ಬೇರೆ: ನಮ್ಮ ಮತಕ್ಕೆ ಬಲವಿಲ್ಲದ ಸ್ಥಾನ ನಮಗೆ ಬೇಡ, ಬಲವಿರುವ ಮತ ಕೊಡಿ. ಕರ್ನಾಟಕ ಏಕೀಕರಣದ ಸಂಭ್ರಮದ ಚರಿತ್ರೆಗಳಲ್ಲಿ ಈ ಎಚ್ಚರಿಕೆಗೆ ಜಾಗ ಸಿಕ್ಕಿದ್ದು ಕಡಿಮೆ.

ಕೊಡಲಿಲ್ಲ. ಕೊಡುವುದಿರಲಿ, ಇದ್ದದ್ದನ್ನೂ ತೆಗೆದರು. ಅದಕ್ಕೆ ಒಂದು ಹಿನ್ನೆಲೆ ಇದೆ. 1957ರಲ್ಲಿ ಆಂಧ್ರದ ಪಾರ್ವತೀಪುರಂ ದ್ವಿಸದಸ್ಯ ಲೋಕಸಭಾ ಕ್ಷೇತ್ರದಲ್ಲಿ ಒಂದು ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಫಲಿತಾಂಶ ಬಂದಾಗ ಎರಡೂ ಸ್ಥಾನಗಳನ್ನು ಆದಿವಾಸಿಗಳೇ ಗೆದ್ದಿದ್ದರು. ಸೋತವರು ಆ ಹೊತ್ತಿಗಾಗಲೇ ಕೇಂದ್ರದಲ್ಲಿ ಮಂತ್ರಿಯಾಗಿದ್ದ, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ. ಮೀಸಲು ಸ್ಥಾನಕ್ಕೆ ನಿಂತವನು ಸಾಮಾನ್ಯ ಸ್ಥಾನಕ್ಕೆ ಹೇಗೆ ಆಯ್ಕೆಯಾದ ಅಂತ ಅವರು ನ್ಯಾಯಾಲಯಕ್ಕೆ ಹೋದರು. ಮೀಸಲಾತಿ ಇದೆ ಅನ್ನುವ ಕಾರಣಕ್ಕೆ ಸಾಮಾನ್ಯ ಸ್ಥಾನದ ಹಕ್ಕು ಹೋಗುವುದಿಲ್ಲ, ಹೆಚ್ಚು ಮತ ಪಡೆದವನು ಗೆದ್ದ ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟು 1959ರಲ್ಲಿ ಅವರ ಮನವಿಯನ್ನು ತಳ್ಳಿಹಾಕಿತು. 1961ರಲ್ಲಿ ಸಂಸತ್ತು ದ್ವಿಸದಸ್ಯ ಕ್ಷೇತ್ರಗಳನ್ನು ರದ್ದು ಮಾಡುವ ಕಾಯ್ದೆ ತಂದಿತು. ಕ್ಷೇತ್ರ ಬಹಳ ದೊಡ್ಡದು, ಓಡಾಟ ಕಷ್ಟ, ಖರ್ಚು ಜಾಸ್ತಿ ಎಂಬ ಕಾರಣಗಳೂ ಇದ್ದವು, ಅವು ಸುಳ್ಳಲ್ಲ. ಆದರೂ 'ಸಾಮಾನ್ಯ' ಅನ್ನುವ ಪದದ ಒಳಗೆ ಏನು ಅಡಗಿದೆ ಎಂಬುದನ್ನು ಪಾರ್ವತೀಪುರಂ ತೋರಿಸಿಕೊಟ್ಟಿತು. ಎಲ್ಲರಿಗೂ ತೆರೆದದ್ದು ಅಂತ ಹೆಸರು. ಎಲ್ಲರೂ ಬಂದುಬಿಟ್ಟರೆ ಗಲಿಬಿಲಿ. ನಮ್ಮೂರುಗಳ ಸಾರ್ವಜನಿಕ ಬಾವಿಯ ಹಾಗೆ.

1962ರ ಚುನಾವಣೆಯಿಂದ ಈಗಿನ ಮಾದರಿ ಬಂತು. ಒಂದು ಕ್ಷೇತ್ರ, ಒಬ್ಬ ಸದಸ್ಯ. ಕೆಲವು ಕ್ಷೇತ್ರಗಳು ಪೂರಾ ಮೀಸಲು. ಅಲ್ಲಿಯವರೆಗೆ ಯಾವ ಸ್ಥಾನ ಮೀಸಲು ಅನ್ನುವುದಷ್ಟೇ ಪ್ರಶ್ನೆಯಾಗಿತ್ತು. ಈಗ ಯಾವ ನೆಲ ಮೀಸಲು ಅನ್ನುವ ಪ್ರಶ್ನೆ ಹುಟ್ಟಿತು. ಗೆರೆ ಎಳೆಯುವವನಿಗೆ ನಿಜವಾದ ಅಧಿಕಾರ ಬಂದದ್ದು ಇಲ್ಲಿಂದ.

4

ನಮ್ಮ ದಲಿತ ಚಳವಳಿ ಅಮೆರಿಕದ ಕರಿಯರ ಹೋರಾಟದ ಜೊತೆ ಮೊದಲಿನಿಂದಲೂ ಮಾತುಕತೆ ಇಟ್ಟುಕೊಂಡಿದೆ. ಗಡಿಯ ವಿಷಯದಲ್ಲೂ ಅಲ್ಲಿಂದ ಕಲಿಯುವುದಿದೆ. ಅಲಬಾಮಾ ರಾಜ್ಯದ ಟಸ್ಕೀಗೀ ಊರು ಬೂಕರ್ ಟಿ. ವಾಷಿಂಗ್ಟನ್ ಕಟ್ಟಿದ ವಿದ್ಯಾಸಂಸ್ಥೆಯಿಂದ ಹೆಸರಾದದ್ದು. 1957ರಲ್ಲಿ ಆ ರಾಜ್ಯದ ಶಾಸನಸಭೆ ಊರಿನ ಗಡಿಯನ್ನು ಬದಲಾಯಿಸಿತು. ಚೌಕವಾಗಿದ್ದ ಊರು 28 ಮೂಲೆಗಳ ವಿಚಿತ್ರ ಆಕೃತಿಯಾಯಿತು. ಸುಮಾರು 400 ಕರಿಯ ಮತದಾರರಲ್ಲಿ ನಾಲ್ಕೈದು ಜನ ಬಿಟ್ಟು ಉಳಿದವರೆಲ್ಲ ಹೊರಗೆ ಬಿದ್ದರು. ಬಿಳಿಯರಲ್ಲಿ ಒಬ್ಬನೂ ಹೊರಗೆ ಬೀಳಲಿಲ್ಲ. ಯಾರ ಮತದ ಹಕ್ಕನ್ನೂ ಕಿತ್ತುಕೊಂಡಿಲ್ಲ, ಗಡಿಯನ್ನಷ್ಟೇ ತಿದ್ದಿದ್ದೇವೆ ಎಂಬ ವಾದವನ್ನು 1960ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಟಸ್ಕೀಗೀಯದು ಹೊರಗಿಡುವ ಗೆರೆ. ಕಣ್ಣಿಗೆ ಕಾಣುತ್ತದೆ, ಕೋಪ ಬರಿಸುತ್ತದೆ. ನಮ್ಮ ಮೀಸಲು ಕ್ಷೇತ್ರದ ಗೆರೆ ಹೆಚ್ಚಾಗಿ ಕರಗಿಸುವ ಗೆರೆ. ದಲಿತರನ್ನು ಒಳಗೇ ಇಟ್ಟುಕೊಂಡಿರುತ್ತದೆ, ಆದರೆ ಅವರ ಮತ ಉಳಿದವರ ಮತಗಳಲ್ಲಿ ಕರಗಿಹೋಗುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ಜನಸಂಖ್ಯೆ ಸಮನಾಗಿರುವ 100 ಕ್ಷೇತ್ರಗಳಿವೆ, ಒಂದೊಂದರಲ್ಲೂ 100 ಜನ. ಒಟ್ಟು 10,000 ಜನರಲ್ಲಿ 1,600 ದಲಿತರು. ಅದಕ್ಕೆ ತಕ್ಕ ಹಾಗೆ 16 ಕ್ಷೇತ್ರಗಳು ಮೀಸಲು. ಆ 16ರಲ್ಲಿ ತಲಾ 25 ದಲಿತರಿದ್ದಾರೆ ಅಂತಿಟ್ಟುಕೊಳ್ಳೋಣ. ಅಲ್ಲಿಗೆ 400 ಆಯಿತು. ಉಳಿದ 1,200 ದಲಿತರು ಮೀಸಲು ಕ್ಷೇತ್ರಗಳ ಆಚೆ, 'ಸಾಮಾನ್ಯ' ಕ್ಷೇತ್ರಗಳಲ್ಲಿ ಚದುರಿಹೋಗಿದ್ದಾರೆ. ಅಂದರೆ ಮೀಸಲು ಕ್ಷೇತ್ರದಲ್ಲಿ ನಾಲ್ವರು ಮತದಾರರಲ್ಲಿ ಮೂವರು ದಲಿತರಲ್ಲ. ದಲಿತರಲ್ಲಿ ನಾಲ್ವರಿಗೆ ಮೂವರು ಮೀಸಲು ಕ್ಷೇತ್ರದಲ್ಲೇ ಇಲ್ಲ. ಇದು ಕಾಗದದ ಮೇಲಿನ ಲೆಕ್ಕವಾದರೂ ನಮ್ಮ ದೇಶದ ನಿಜಸ್ಥಿತಿಗೆ ಬಹಳ ದೂರವಿಲ್ಲ. ಪರಿಶಿಷ್ಟ ಜಾತಿಯ ಬಹುಪಾಲು ಜನ ಬದುಕುತ್ತಿರುವುದು ಮೀಸಲಲ್ಲದ ಕ್ಷೇತ್ರಗಳಲ್ಲೇ.

ಈ ಲೆಕ್ಕ ತಿಳಿದರೆ ಮೀಸಲು ಕ್ಷೇತ್ರದ ಶಾಸಕ ಯಾಕೆ ಮೆತ್ತಗೆ ಮಾತಾಡುತ್ತಾನೆ ಅನ್ನೋದೂ ಅರ್ಥವಾಗುತ್ತದೆ. ಅವನ ಎದುರು ನಿಂತವನೂ ದಲಿತನೇ. ಕೇರಿಯ ಮತ ಇಬ್ಬರಲ್ಲೂ ಹಂಚಿಹೋಗುತ್ತದೆ. ಗೆಲುವು ನಿಂತಿರುವುದು ಊರಿನ ಮತದ ಮೇಲೆ. ಊರಿಗೆ ಬೇಕಾದವನು ಗೆಲ್ಲುತ್ತಾನೆ. 1973ರಲ್ಲಿ ಬಿ. ಬಸವಲಿಂಗಪ್ಪನವರ ಬೂಸಾ ಮಾತಿಗೆ ನಾಡೆಲ್ಲ ಗದ್ದಲವೆದ್ದು ಅವರು ಮಂತ್ರಿಗಿರಿ ಬಿಡಬೇಕಾಯಿತು. ಆಗಲೂ ವಿಧಾನಸಭೆಯಲ್ಲಿ ಮೀಸಲು ಕ್ಷೇತ್ರಗಳಿಂದ ಬಂದವರಿದ್ದರು. ಆದರೆ ಆ ಗದ್ದಲಕ್ಕೆ ಚರಿತ್ರೆಯಲ್ಲಿ ಉಳಿಯುವ ಉತ್ತರ ಹುಟ್ಟಿದ್ದು ಹಾಸ್ಟೆಲುಗಳಲ್ಲಿ, ಬೀದಿಗಳಲ್ಲಿ. ದಲಿತ ಸಂಘರ್ಷ ಸಮಿತಿ ಬಂದದ್ದು ಆ ದಾರಿಯಿಂದ. ಮೀಸಲು ಸ್ಥಾನಗಳ ಸಭಾಂಗಣದಿಂದ ಅಲ್ಲ.

5

ಹಾಗಾದರೆ ಗೆರೆ ಎಳೆಯುವುದಕ್ಕೆ ನಿಯಮವೇ ಇಲ್ಲವೇ? ಇದೆ. 2002ರ ಕ್ಷೇತ್ರ ಪುನರ್ವಿಂಗಡಣೆ ಕಾಯ್ದೆಯ 9ನೇ ಕಲಮು ಹೇಳುವುದು ಹೀಗೆ: ಕ್ಷೇತ್ರಗಳು ಆದಷ್ಟು ಒತ್ತಟ್ಟಾಗಿರಬೇಕು, ಬೆಟ್ಟ ಹೊಳೆ, ತಾಲ್ಲೂಕು ಜಿಲ್ಲೆಗಳ ಎಲ್ಲೆ, ಓಡಾಟದ ಅನುಕೂಲ ಇವನ್ನು ನೋಡಬೇಕು. ಪರಿಶಿಷ್ಟ ಪಂಗಡಗಳ ಕ್ಷೇತ್ರಗಳನ್ನು ಅವರ ಪ್ರಮಾಣ ಅತಿ ಹೆಚ್ಚಿರುವಲ್ಲಿ ಇಡಬೇಕು. ಪರಿಶಿಷ್ಟ ಜಾತಿಗಳ ಕ್ಷೇತ್ರಗಳನ್ನು ಮಾತ್ರ ರಾಜ್ಯದ ಬೇರೆಬೇರೆ ಭಾಗಗಳಿಗೆ ಹಂಚಬೇಕು, ಜೊತೆಗೆ ಅವರ ಪ್ರಮಾಣ ಹೋಲಿಕೆಯಲ್ಲಿ ಹೆಚ್ಚಿರುವಲ್ಲಿ ಇಡಬೇಕು.

ಈ ಎರಡು ಮಾತುಗಳನ್ನು ಒಟ್ಟಿಗೆ ಓದಿ. ಹಂಚಬೇಕು, ಹೆಚ್ಚಿರುವಲ್ಲಿ ಇಡಬೇಕು. ಒಂದು ಚದುರಿಸುವ ಮಾತು, ಇನ್ನೊಂದು ಕೂಡಿಸುವ ಮಾತು. ಹಂಚುವುದಕ್ಕೂ ಒಳ್ಳೆಯ ಕಾರಣ ಉಂಟು. ದಲಿತರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ, ಎಲ್ಲ ಕಡೆಯವರಿಗೂ ಒಬ್ಬ ಸದಸ್ಯ ಸಿಗಲಿ ಅನ್ನೋದು ತಪ್ಪಲ್ಲ. ಆದರೆ ಈ ಎರಡೂ ಜಗಳವಾಡಿದಾಗ ಯಾವುದು ಗೆಲ್ಲಬೇಕು? ಕಾನೂನು ಹೇಳುವುದಿಲ್ಲ. ಆ ಮೌನದಲ್ಲೇ ಆಯೋಗದ ವಿವೇಚನೆ ಎಂಬುದು ಕೂತಿದೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ ಪರಿಶಿಷ್ಟ ಜಾತಿಗಳ ಸ್ಥಾನಗಳನ್ನು ಮೊದಲು ಜಿಲ್ಲೆಗಳಿಗೆ ಹಂಚಿ, ಆಮೇಲೆ ಜಿಲ್ಲೆಯ ಒಳಗೆ ಪ್ರಮಾಣ ಹೆಚ್ಚಿದ್ದ ಕ್ಷೇತ್ರವನ್ನು ಆರಿಸುವ ದಾರಿ ಹಿಡಿಯಿತು. ಇದು ಹಿಂದಿಗಿಂತ ಖಚಿತವಾದ ದಾರಿಯೇ. ಆದರೂ ಕ್ಷೇತ್ರದ ಗೆರೆ ಮೊದಲು, ಮೀಸಲಾತಿ ಆಮೇಲೆ ಅಂದಾಗ, ಆ ಗೆರೆ ದಲಿತರ ವಸತಿಗಳನ್ನು ಕೂಡಿಸಿತೋ ಒಡೆಯಿತೋ ಅನ್ನುವ ಪ್ರಶ್ನೆ ಯಾವ ಹಂತದಲ್ಲೂ ಬರುವುದಿಲ್ಲ.

ಆಯೋಗದ ಜೊತೆ ಕೂರುವವರು ಯಾರು ಅನ್ನೋದನ್ನೂ ನೋಡಬೇಕು. ಒಂದೊಂದು ರಾಜ್ಯಕ್ಕೂ ಐವರು ಲೋಕಸಭಾ ಸದಸ್ಯರು, ಐವರು ಶಾಸಕರು. ಅವರಿಗೆ ಮತ ಹಾಕುವ ಹಕ್ಕಿಲ್ಲ, ಸಲಹೆ ಕೊಡುವ ಹಕ್ಕಿದೆ. ಬೆಳೆ ಯಾರದು ಎಂಬ ತಕರಾರಿನಲ್ಲಿ ಹೊಲದ ಗುತ್ತಿಗೆದಾರರನ್ನೇ ಪಂಚಾಯ್ತಿಗೆ ಕೂರಿಸಿದ ಹಾಗೆ. ಇನ್ನು ಆದೇಶ ಹೊರಬಿದ್ದ ಮೇಲೆ ಕೋರ್ಟಿಗೆ ಹೋಗುವಂತೆಯೂ ಇರಲಿಲ್ಲ. ಉಜ್ಜಯಿನಿ ಕ್ಷೇತ್ರವನ್ನು ಪರಿಶಿಷ್ಟ ಜಾತಿಗೆ ಮೀಸಲಿಟ್ಟದ್ದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ ಸಂವಿಧಾನದ 329ನೇ ವಿಧಿಯನ್ನು ತೋರಿಸಿ ಬಾಗಿಲು ಹಾಕಿತು. ಗುಜರಾತಿನ ಬಾರ್ಡೋಲಿ ಕ್ಷೇತ್ರದ ಮೀಸಲಾತಿಯ ಬಗ್ಗೆ ಬಂದ ಮೊಕದ್ದಮೆಯಲ್ಲಿ 2024ರಲ್ಲಿ ಅದೇ ಕೋರ್ಟು ಬಾಗಿಲನ್ನು ಸ್ವಲ್ಪ ತೆರೆಯಿತು. ಆದೇಶ ಮೇಲುನೋಟಕ್ಕೇ ಮನಸೋಇಚ್ಛೆಯದಾಗಿದ್ದು ಸಂವಿಧಾನದ ಮೌಲ್ಯಗಳಿಗೆ ಹೊಂದದಿದ್ದರೆ ನ್ಯಾಯಾಲಯ ನೋಡಬಹುದು ಅಂದಿತು. ಎರಡೂ ಸಲ ಕೋರ್ಟಿಗೆ ಹೋದ ತಕರಾರು ಕ್ಷೇತ್ರ ಮೀಸಲಾಯಿತಲ್ಲ ಎಂಬುದು. ಮೀಸಲಾದ ಕ್ಷೇತ್ರದಲ್ಲಿ ದಲಿತರ ಮತ ಕರಗಿಹೋಯಿತಲ್ಲ ಎಂಬ ತಕರಾರನ್ನು ಹೊತ್ತು ಆ ಬಾಗಿಲಿಗೆ ನಾವು ಇನ್ನೂ ಹೋಗಬೇಕಾಗಿದೆ.

6

ಕರ್ನಾಟಕಕ್ಕೆ ಬರೋಣ. 1978ರಿಂದ 2004ರವರೆಗಿನ ಚುನಾವಣೆಗಳೆಲ್ಲ 1971ರ ಜನಗಣತಿಯ ಮೇಲೆ ಎಳೆದ ಗಡಿಗಳಲ್ಲಿ ನಡೆದವು. 224 ಸ್ಥಾನಗಳಲ್ಲಿ ಪರಿಶಿಷ್ಟ ಜಾತಿಗೆ 33, ಪರಿಶಿಷ್ಟ ಪಂಗಡಕ್ಕೆ 2. ತುರ್ತುಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಈ ಲೆಕ್ಕವನ್ನು ಹೆಪ್ಪುಗಟ್ಟಿಸಿತ್ತು. ಈ ನಡುವೆ ಪಂಗಡಗಳ ಪಟ್ಟಿಯ ಪ್ರಾದೇಶಿಕ ನಿರ್ಬಂಧ 1976ರಲ್ಲಿ ಹೋಯಿತು, 1991ರಲ್ಲಿ ನಾಯಕ, ವಾಲ್ಮೀಕಿ ಮೊದಲಾದ ಹೆಸರುಗಳು ಸೇರಿದವು. 1971ರಲ್ಲಿ ನೂರಕ್ಕೆ ಒಬ್ಬರೂ ಇರದ ಪಂಗಡಗಳ ಪ್ರಮಾಣ 2001ರ ಹೊತ್ತಿಗೆ ನೂರಕ್ಕೆ ಆರೂವರೆಯಾಗಿತ್ತು. ಸ್ಥಾನ ಮಾತ್ರ ಎರಡೇ. 2008ರಲ್ಲಿ ಹೊಸ ಗಡಿ ಬಂದಾಗ ಅದು ಒಮ್ಮೆಗೇ 15 ಆಯಿತು, ಪರಿಶಿಷ್ಟ ಜಾತಿಯದು 36 ಆಯಿತು. ಗೆರೆ ಎಳೆಯುವುದರಲ್ಲಿ ಮಾತ್ರ ಅನ್ಯಾಯ ಇರುವುದಿಲ್ಲ, ಹಳೇ ಗೆರೆಯನ್ನು ಹಾಗೇ ಬಿಡುವುದರಲ್ಲೂ ಇರುತ್ತದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೊಸ ಗಡಿಯಲ್ಲಿ ಮೊದಲು ಚುನಾವಣೆಗೆ ಹೋದ ರಾಜ್ಯ ನಮ್ಮದೇ. ಲೋಕಸಭೆಗೆ ಕೋಲಾರ, ಚಾಮರಾಜನಗರ ಮೀಸಲಾಗಿಯೇ ಉಳಿದವು. ಬೀದರ್, ಚಿಕ್ಕೋಡಿ ಸಾಮಾನ್ಯವಾದವು. ಗುಲಬರ್ಗಾ, ಬಿಜಾಪುರ, ಚಿತ್ರದುರ್ಗ ಪರಿಶಿಷ್ಟ ಜಾತಿಗೆ ಮೀಸಲಾದವು. ವಿಧಾನಸಭೆಯಲ್ಲಿ ಗುರುಮಠಕಲ್ ಸಾಮಾನ್ಯವಾಯಿತು, ಚಿತ್ತಾಪುರ ಮೀಸಲಾಯಿತು. ಗುರುಮಠಕಲ್‌ನಿಂದ 1972ರಿಂದ 2004ರವರೆಗೆ ಸತತ ಎಂಟು ಸಲ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆಯವರು 2008ರಲ್ಲಿ ಚಿತ್ತಾಪುರಕ್ಕೆ ಹೋದರು, 2009ರಲ್ಲಿ ಮೀಸಲಾಗಿದ್ದ ಗುಲಬರ್ಗಾದಿಂದ ಲೋಕಸಭೆಗೆ ಹೋದರು. ಅವರ ವೈಯಕ್ತಿಕ ತೀರ್ಮಾನದ ಬಗ್ಗೆ ನನ್ನ ತಕರಾರಿಲ್ಲ. ಎಂಟು ಸಲ ಗೆದ್ದ ನೆಲದಲ್ಲೂ ಫಲಕ ಬದಲಾದ ಕೂಡಲೇ ನಾಡಿನ ಅತ್ಯಂತ ಎತ್ತರದ ದಲಿತ ನಾಯಕ ಜಾಗ ಬದಲಿಸಬೇಕಾಗುತ್ತದೆ ಅಂದರೆ ಆ 'ಸಾಮಾನ್ಯ' ಅನ್ನೋ ಫಲಕ ಯಾರಿಗೆ ಸಾಮಾನ್ಯ ಎಂಬುದಷ್ಟೇ ನನ್ನ ಪ್ರಶ್ನೆ.

ಇನ್ನೊಂದು ಮಾತನ್ನು ನಾವೇ ಹೇಳಬೇಕು, ಬೇರೆಯವರು ಹೇಳುವವರೆಗೆ ಕಾಯಬಾರದು. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಮುಸ್ಲಿಮರು ಹೆಚ್ಚಾಗಿರುವ ಕ್ಷೇತ್ರಗಳನ್ನು ಪರಿಶಿಷ್ಟ ಜಾತಿಗೆ ಮೀಸಲಿಟ್ಟು, ದಲಿತರು ಅದಕ್ಕಿಂತ ಹೆಚ್ಚಿರುವ ಕ್ಷೇತ್ರಗಳನ್ನು ಮೀಸಲಿಡದೆ ಬಿಟ್ಟಿರುವುದನ್ನು 2006ರ ಸಾಚಾರ್ ಸಮಿತಿ ಗುರುತಿಸಿತು. ಇಲ್ಲಿ ಮೋಸ ಎರಡು ಕಡೆಗೂ ಆಗಿದೆ. ಮುಸ್ಲಿಮನಿಗೆ ನಿಲ್ಲುವ ಹಕ್ಕು ಹೋಯಿತು, ದಲಿತನಿಗೆ ಗೆಲ್ಲಿಸುವ ಬಲ ಸಿಗಲಿಲ್ಲ. ನಮ್ಮ ಹೆಸರಿನಲ್ಲಿ ಇನ್ನೊಬ್ಬ ನೊಂದವನ ಬಾಗಿಲು ಮುಚ್ಚುವ ಗೆರೆಯನ್ನು ನಾವು ನಮ್ಮದು ಅಂತ ಒಪ್ಪಿಕೊಳ್ಳಬಾರದು.

7

84ನೇ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಹಾಗೇ ಇಟ್ಟಿತು. ಆ ಗಡುವು ಹತ್ತಿರವಾದ ಹಾಗೆ 2025ರಲ್ಲಿ ದಕ್ಷಿಣದ ರಾಜ್ಯಗಳು ದನಿ ಎತ್ತಿದವು. ಜನಸಂಖ್ಯೆ ಹತೋಟಿಗೆ ತಂದ ನಮಗೆ ಸ್ಥಾನ ಕಡಿಮೆಯಾಗುವುದು ಯಾವ ನ್ಯಾಯ ಅಂತ ಕೇಳಿದವು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಚರ್ಚೆಯುದ್ದಕ್ಕೂ ಉತ್ತರ-ದಕ್ಷಿಣದ ಮಾತು ಕೇಳಿಸಿತೇ ಹೊರತು ಊರು-ಕೇರಿಯ ಮಾತು ಕೇಳಿಸಲಿಲ್ಲ. ದೆಹಲಿಯ ಎದುರು ಪ್ರಾತಿನಿಧ್ಯದ ಬಲ ಕೇಳುವ ನಮ್ಮ ರಾಜ್ಯ, ತನ್ನ ಎಲ್ಲೆಯೊಳಗೆ ದಲಿತ ಮತದಾರನ ಬಲದ ಬಗ್ಗೆ ಅದೇ ತರ್ಕವನ್ನು ಒಪ್ಪುತ್ತದೆಯೇ?

ಒಪ್ಪುವುದಾದರೆ ನ್ಯಾಯವಾದ ಮಾನದಂಡ ಏನಿರಬೇಕು ಎಂಬುದನ್ನು ನಾವು ಬರೆದಿಡಬೇಕು. ಮೊದಲನೆಯದು, ಹಂಚುವ ನಿಯಮ ಮತ್ತು ಕೂಡಿಸುವ ನಿಯಮ ಎದುರಾದಾಗ ಯಾವುದನ್ನು, ಯಾಕೆ ಆರಿಸಿದೆವು ಅಂತ ಆಯೋಗ ಒಂದೊಂದು ಕ್ಷೇತ್ರಕ್ಕೂ ಲಿಖಿತ ಕಾರಣ ಕೊಡಬೇಕು. ಎರಡನೆಯದು, ಗೆರೆ ಎಳೆಯುವ ಮೊದಲೇ ಕೇರಿಗಳ ನಕ್ಷೆ ಮೇಜಿನ ಮೇಲಿರಬೇಕು. ಅಕ್ಕಪಕ್ಕದ ಊರುಗಳ ಕೇರಿಗಳು ಒಂದು ಕ್ಷೇತ್ರದಲ್ಲಿ ಸೇರಿ ಬಲವಾಗುವಂತಿದ್ದರೆ ಅವನ್ನು ಒಡೆಯಬಾರದು. ಇದು ಮೀಸಲು ಕ್ಷೇತ್ರಕ್ಕೆ ಎಷ್ಟು ಅನ್ವಯವೋ ಸಾಮಾನ್ಯ ಕ್ಷೇತ್ರಕ್ಕೂ ಅಷ್ಟೇ, ಯಾಕೆಂದರೆ ನಮ್ಮವರಲ್ಲಿ ಹೆಚ್ಚಿನವರು ಇರುವುದು ಅಲ್ಲೇ. ಮೂರನೆಯದು, ಒಂದು ಕ್ಷೇತ್ರ ಎಷ್ಟು ಚುನಾವಣೆ ಮೀಸಲಾಗಿರುತ್ತದೆ ಅನ್ನೋದು ಮೊದಲೇ ತಿಳಿದಿರಬೇಕು. ಮೂವತ್ತು ವರ್ಷ ಕದಲದಿರುವುದೂ ಸರಿಯಲ್ಲ, ಪಂಚಾಯ್ತಿಗಳಲ್ಲಿ ಆಗುವ ಹಾಗೆ ಒಬ್ಬ ಹೆಣ್ಣುಮಗಳು ಕೆಲಸ ಕಲಿಯುವಷ್ಟರಲ್ಲಿ ಮೀಸಲಾತಿ ಬದಲಾಗುವುದೂ ಸರಿಯಲ್ಲ. ನಾಲ್ಕನೆಯದು, ಕರಡು ನಕ್ಷೆ ಕನ್ನಡದಲ್ಲಿ ಗ್ರಾಮ ಪಂಚಾಯ್ತಿಯ ಗೋಡೆಗೆ ಬರಬೇಕು, ಕೇರಿಯವರ ಅಹವಾಲನ್ನು ಶಾಸಕರ ಸಲಹೆಯಷ್ಟೇ ತೂಕದಿಂದ ಕೇಳಬೇಕು. ಐದನೆಯದು, ಒಂದು ನೊಂದ ಸಮುದಾಯದ ಪಾಲನ್ನು ಕಿತ್ತು ಇನ್ನೊಂದಕ್ಕೆ ಕೊಟ್ಟಂತೆ ಮಾಡಬಾರದು. ಇದೆಲ್ಲಕ್ಕೂ ಮೇಲೆ, ಇಬ್ಬರು ಮೂವರು ಸದಸ್ಯರ ಕ್ಷೇತ್ರ ಮತ್ತು ರಾಶಿ ಮತದ ಬಗ್ಗೆ ಅಂಬೇಡ್ಕರ್ 1955ರಲ್ಲಿ ಇಟ್ಟ ಪ್ರಸ್ತಾಪವನ್ನು ಮತ್ತೆ ಚರ್ಚೆಗೆ ತರಬೇಕು. ಅದನ್ನು ಸರಿಯಾಗಿ ಪರೀಕ್ಷೆ ಮಾಡದೆಯೇ ಕೈಬಿಟ್ಟಿದ್ದೇವೆ.

ಗೆರೆ ನೆಟ್ಟಗಾದರೆ ಜಾತಿ ಹೋಗುತ್ತದೆ ಅನ್ನುವ ಭ್ರಮೆ ನನಗಿಲ್ಲ. ಕೇರಿಯೊಳಗೂ ಗೆರೆಗಳಿವೆ; ಎಡಗೈ ಬಲಗೈಗಳ ನಡುವೆ, ಸ್ಪೃಶ್ಯ ಅಸ್ಪೃಶ್ಯ ಪರಿಶಿಷ್ಟರ ನಡುವೆ, ಗಂಡು ಹೆಣ್ಣಿನ ನಡುವೆ. ಒಳಮೀಸಲಾತಿಯ ಬಗ್ಗೆ 2024ರಲ್ಲಿ ಬಂದ ತೀರ್ಪು ಶಿಕ್ಷಣ, ಉದ್ಯೋಗಕ್ಕೆ ಸಂಬಂಧಪಟ್ಟದ್ದು. ಮೀಸಲು ಕ್ಷೇತ್ರಗಳಲ್ಲಿ ಊರಿಗೆ ಯಾವ ಪರಿಶಿಷ್ಟ ಜಾತಿಯವನು ಹೆಚ್ಚು ಒಪ್ಪಿಗೆಯಾಗುತ್ತಾನೆ ಅನ್ನುವ ಪ್ರಶ್ನೆಯನ್ನು ನಾವು ಇನ್ನೂ ಗಟ್ಟಿಯಾಗಿ ಕೇಳಿಕೊಂಡಿಲ್ಲ. ಅದು ಇನ್ನೊಂದು ಲೇಖನದ ವಿಷಯ.

ಕುಳವಾಡಿಯ ಮಾತಿನಿಂದ ಶುರು ಮಾಡಿದೆ. ಊರ ಮಣ್ಣನ್ನು ತಲೆಯ ಮೇಲೆ ಹೊತ್ತು ಅವನು ಎಲ್ಲೆ ತೋರಿಸಿದ, ಆ ಮಣ್ಣಿನಲ್ಲಿ ಅವನಿಗೆ ಪಾಲು ಸಿಗಲಿಲ್ಲ. ಮೀಸಲು ಕ್ಷೇತ್ರದ ಹೆಸರಿನಲ್ಲಿ ನಮ್ಮ ತಲೆಯ ಮೇಲೆ ಮತ್ತೆ ಅದೇ ಉಂಡೆಯನ್ನು ಇಟ್ಟಿದ್ದಾರೆ. ಮುಂದಿನ ಸಲ ನಕ್ಷೆ ಬಿಚ್ಚಿದಾಗ ಎಷ್ಟು ಸೀಟು ಅಂತ ಕೇಳಿ ಸುಮ್ಮನಾಗುವುದು ಬೇಡ. ಆ ಸೀಟಿನಲ್ಲಿ ಕೂರುವವನನ್ನು ಗೆಲ್ಲಿಸುವ, ಬೇಡವಾದರೆ ಸೋಲಿಸುವ ಬಲ ನಮ್ಮ ಕೇರಿಗಳಿಗೆ ಎಷ್ಟಿದೆ ಅಂತಲೂ ಕೇಳೋಣ.